ಕರ್ನಾಟಕದಲ್ಲಿ ಗೃಹಬಳಕೆಯ ವಿದ್ಯುತ್ ಸಹಾಯಧನ

ಕರ್ನಾಟಕದಲ್ಲಿ ಗೃಹಬಳಕೆಯ ವಿದ್ಯುತ್ ಸಹಾಯಧನ ಎಂಬುದು ಮನೆಗಳ ವಿದ್ಯುತ್ ಬಿಲ್ಲಿನ ಪೂರ್ಣ ಮೊತ್ತವನ್ನು ಅಥವಾ ಅದರ ಒಂದು ಭಾಗವನ್ನು ರಾಜ್ಯ ಸರ್ಕಾರವು ತನ್ನ ಬೊಕ್ಕಸದಿಂದ ಭರಿಸುವ ವ್ಯವಸ್ಥೆಯಾಗಿದೆ. 1979-80ರ ಸುಮಾರಿಗೆ ಆರಂಭವಾದ ಭಾಗ್ಯಜ್ಯೋತಿ, 1988-89ರಲ್ಲಿ ಕೇಂದ್ರ ಸರ್ಕಾರವು ಜಾರಿಗೆ ತಂದ ಕುಟೀರಜ್ಯೋತಿ, 2022ರ ಅಮೃತಜ್ಯೋತಿ ಹಾಗೂ 2023ರ ಗೃಹಜ್ಯೋತಿ ಇವು ಈ ವ್ಯವಸ್ಥೆಯ ಮುಖ್ಯ ಘಟ್ಟಗಳು. ಮೊದಲಿನ ಮೂರು ಯೋಜನೆಗಳು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಸೀಮಿತವಾಗಿದ್ದವು. ನಾಲ್ಕನೆಯದು ಆದಾಯವನ್ನು ನೋಡದೆ, ತಿಂಗಳಿಗೆ 200 ಯೂನಿಟ್‌ಗಳ ಮಿತಿಯೊಳಗಿನ ಎಲ್ಲ ಮನೆಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ಇವು ಒಂದೇ ಸಾಲಿನ ಯೋಜನೆಗಳಂತೆ ಕಂಡರೂ ಇವುಗಳ ಹಿಂದಿನ ತರ್ಕ ಒಂದೇ ಅಲ್ಲ. ಬಡವರ ಮನೆಗೆ ದೀಪ ಮುಟ್ಟಿಸುವುದು ಮೊದಲಿನ ಯೋಜನೆಗಳ ಗುರಿಯಾಗಿತ್ತು. ಮನೆಯ ತಿಂಗಳ ಖರ್ಚನ್ನು ಇಳಿಸುವುದು ಈಗಿನ ಯೋಜನೆಯ ಗುರಿಯಾಗಿದೆ.

ಹಿನ್ನೆಲೆ

ಕರ್ನಾಟಕದ ವಿದ್ಯುತ್ ಚರಿತ್ರೆಯು ಮನೆಯಿಂದ ಆರಂಭವಾದುದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಗಣಿ, ಕಾರ್ಖಾನೆ ಮತ್ತು ನಗರ ಎಂಬ ಈ ಆದ್ಯತೆಯ ಕ್ರಮವು ಬಹುಕಾಲ ಹೀಗೆಯೇ ಮುಂದುವರಿಯಿತು. 1957ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ರಾಜ್ಯದ ಹೆಸರು ಬದಲಾದ ಮೇಲೆ ಅದು ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ ಎನಿಸಿಕೊಂಡಿತು. ಜನರ ಬಾಯಲ್ಲಿ ಉಳಿದ ‘ಕೆಇಬಿ’ ಎಂಬ ಹೆಸರು ಮಂಡಳಿಯೇ ಇಲ್ಲವಾದ ಮೇಲೂ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ವಿದ್ಯುತ್ತನ್ನು ಉತ್ಪಾದಿಸಿಕೊಟ್ಟ ನೆಲಕ್ಕೇ ವಿದ್ಯುತ್ ತಡವಾಗಿ ಬಂದ ಉದಾಹರಣೆಯಾಗಿ ಶರಾವತಿ ಕಣಿವೆಯನ್ನು ಹೇಳಬಹುದು. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಬಹಳಷ್ಟು ಹಳ್ಳಿಗಳು ಮುಳುಗಿದವು. ಹಿನ್ನೀರಿನ ಅಂಚಿಗೆ ಸರಿದ ಹಲವು ಊರುಗಳ ಮನೆಗಳಲ್ಲಿ ಅನಂತರವೂ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯೇ ಉರಿಯುತ್ತಿತ್ತು. ‘ಮುಳುಗಡೆ’ ಎಂಬ ಪದಕ್ಕೆ ಮಲೆನಾಡಿನಲ್ಲಿ ಬಂದಿರುವ ಭಾರದಲ್ಲಿ ಈ ಕತ್ತಲೆಯ ಪಾಲೂ ಇದೆ.

‘ವಿದ್ಯುದೀಕೃತ ಗ್ರಾಮ’ ಎಂಬ ಸರ್ಕಾರಿ ಪದವೂ ಈ ವಿಳಂಬವನ್ನು ಮರೆಮಾಚುತ್ತಿತ್ತು. 1997ರವರೆಗಿನ ವ್ಯಾಖ್ಯೆಯ ಪ್ರಕಾರ, ಗ್ರಾಮದ ಕಂದಾಯ ಎಲ್ಲೆಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ ಬಳಕೆಯಾಗುತ್ತಿದ್ದರೆ ಸಾಕು, ಅದು ವಿದ್ಯುದೀಕೃತ ಗ್ರಾಮವಾಗುತ್ತಿತ್ತು. ಹೊಲದಲ್ಲಿ ಒಂದು ನೀರಾವರಿ ಪಂಪ್‌ಸೆಟ್ ಇದ್ದು, ಊರೊಳಗೆ ಒಂದು ಮನೆಗೂ ತಂತಿ ಎಳೆಯದಿದ್ದರೂ ಲೆಕ್ಕ ಪೂರ್ಣವಾಗುತ್ತಿತ್ತು. 2004ರ ಪರಿಷ್ಕೃತ ವ್ಯಾಖ್ಯೆಯು ಜನವಸತಿಯ ಭಾಗದಲ್ಲಿಯೂ ದಲಿತ ಕೇರಿಯಲ್ಲಿಯೂ ವಿತರಣಾ ವ್ಯವಸ್ಥೆ ಇರಬೇಕೆಂದೂ, ಶಾಲೆ, ಪಂಚಾಯಿತಿ ಮುಂತಾದ ಸಾರ್ವಜನಿಕ ಸ್ಥಳಗಳಿಗೆ ಸಂಪರ್ಕ ಇರಬೇಕೆಂದೂ, ಕನಿಷ್ಠ ಶೇಕಡಾ 10ರಷ್ಟು ಮನೆಗಳಿಗೆ ವಿದ್ಯುತ್ ತಲುಪಿರಬೇಕೆಂದೂ ಹೇಳಿತು. ಈ ವ್ಯಾಖ್ಯೆಯಂತೆಯೂ ನೂರರಲ್ಲಿ ತೊಂಬತ್ತು ಮನೆಗಳು ಕತ್ತಲೆಯಲ್ಲಿರುವ ಊರು ‘ವಿದ್ಯುದೀಕೃತ’ವೇ ಆಗಿರುತ್ತದೆ ಎಂಬುದನ್ನು ಗಮನಿಸಬೇಕು.

ಭಾಗ್ಯಜ್ಯೋತಿ ಮತ್ತು ಕುಟೀರಜ್ಯೋತಿ

ಭಾಗ್ಯಜ್ಯೋತಿಯು ರಾಜ್ಯ ಸರ್ಕಾರದ ಯೋಜನೆ. ಗುಡಿಸಲು ಮತ್ತು ಚಿಕ್ಕ ಮನೆಗಳಲ್ಲಿ ವಾಸಿಸುವ ಬಡ ಕುಟುಂಬಗಳಿಗೆ, ಮುಖ್ಯವಾಗಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮನೆಗಳಿಗೆ, ಒಂದು ದೀಪದ ಸಂಪರ್ಕವನ್ನು ಉಚಿತವಾಗಿ ಕೊಡುವುದು ಅದರ ತಿರುಳು. ಕೇಂದ್ರದ ಕುಟೀರಜ್ಯೋತಿಯೂ ಇದೇ ಬಗೆಯದು. ಎರಡೂ ಯೋಜನೆಗಳ ಗ್ರಾಹಕರನ್ನು ವಿದ್ಯುತ್ ದರಪಟ್ಟಿಯಲ್ಲಿ ಎಲ್‌ಟಿ-1 ಎಂಬ ಒಂದೇ ವರ್ಗಕ್ಕೆ ಸೇರಿಸಲಾಯಿತು. ಸಾಮಾನ್ಯ ಗೃಹಬಳಕೆಯ ವರ್ಗವು ಎಲ್‌ಟಿ-2 ಆಗಿದೆ.

ಇಲ್ಲಿ ‘ಒಂದು ದೀಪ’ ಎಂಬುದು ಅಲಂಕಾರದ ಮಾತಲ್ಲ, ನಿಯಮ. ಸ್ಥಾವರದಲ್ಲಿ ಒಂದಕ್ಕಿಂತ ಹೆಚ್ಚು ಹೊರಗಿಂಡಿ ಕಂಡುಬಂದರೆ, ಅಥವಾ ತಿಂಗಳ ಬಳಕೆಯು ನಿಗದಿತ ಮಿತಿಯನ್ನು ಮೀರಿದರೆ, ಆ ಮನೆಗೆ ಎಲ್‌ಟಿ-2 ದರದಲ್ಲಿ ಬಿಲ್ಲು ಮಾಡಬೇಕೆಂದು ದರಪಟ್ಟಿ ಹೇಳುತ್ತಿತ್ತು. ಮೊದಲಿಗೆ ಈ ಮಿತಿ ತಿಂಗಳಿಗೆ 18 ಯೂನಿಟ್ ಆಗಿತ್ತು. 60 ವ್ಯಾಟಿನ ಒಂದು ಬಲ್ಬನ್ನು ದಿನಕ್ಕೆ 10 ಗಂಟೆ ಉರಿಸಿದರೆ ತಿಂಗಳಿಗೆ ಸರಿಯಾಗಿ 18 ಯೂನಿಟ್ ಆಗುತ್ತದೆ. ಅಂದರೆ ಬಡವರ ಮನೆಗೆ ಬೇಕಾದ ವಿದ್ಯುತ್ತೆಂದರೆ ಬೆಳಕು ಮಾತ್ರ ಎಂಬ ಕಲ್ಪನೆ ಈ ಸಂಖ್ಯೆಯಲ್ಲಿ ಅಡಗಿತ್ತು. ಫ್ಯಾನು, ದೂರದರ್ಶನ, ಮಿಕ್ಸಿ, ಮೊಬೈಲ್ ಫೋನು ಇವು ಒಂದೊಂದಾಗಿ ಬಡ ಮನೆಗಳನ್ನೂ ಪ್ರವೇಶಿಸಿದಾಗ ಈ ಕಲ್ಪನೆ ಮುರಿದುಬಿತ್ತು.

ಪರಿಣಾಮವಾಗಿ ಬೆಳೆದದ್ದು ಬಾಕಿ. ಆರಂಭದಲ್ಲಿ ಇಂತಹ ಸಂಪರ್ಕಗಳಲ್ಲಿ ಅನೇಕವಕ್ಕೆ ಮೀಟರೇ ಇರಲಿಲ್ಲ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 55ನೆಯ ಪ್ರಕರಣವು ಮೀಟರಿಲ್ಲದೆ ವಿದ್ಯುತ್ ಪೂರೈಸಬಾರದೆಂದು ವಿಧಿಸಿದ ಮೇಲೆ ಮೀಟರುಗಳು ಬಂದವು. ಮೀಟರುಗಳ ಜೊತೆಗೆ ಹೆಚ್ಚುವರಿ ಬಳಕೆಯ ಬಿಲ್ಲುಗಳೂ ಬಂದವು. ತಮ್ಮದು ಉಚಿತ ಸಂಪರ್ಕವೆಂದು ನಂಬಿದ್ದ ಕುಟುಂಬಗಳು ಬಿಲ್ಲನ್ನು ಕಟ್ಟಲಿಲ್ಲ. ಬಡ್ಡಿ ಸೇರಿ ಮೊತ್ತ ಬೆಳೆಯಿತು. ಕೊನೆಗೆ ಲೈನ್‌ಮನ್ ಬಂದು ಕಂಬದಿಂದ ತಂತಿ ಬಿಡಿಸುವುದು, ಸ್ಥಳೀಯ ನಾಯಕರು ಮಧ್ಯೆ ಬಂದು ಮತ್ತೆ ಹಾಕಿಸುವುದು ನಡೆಯುತ್ತಿತ್ತು. ಸರ್ಕಾರವು ಬಾಕಿಯನ್ನು ಮನ್ನಾ ಮಾಡಿದ ಸಂದರ್ಭಗಳೂ ಇವೆ. ತಪ್ಪು ಗ್ರಾಹಕರದೆನ್ನುವುದಕ್ಕಿಂತ ಮಿತಿಯದೆನ್ನುವುದು ಹೆಚ್ಚು ಸರಿ.

2017ರಲ್ಲಿ ಉಚಿತ ಮಿತಿಯನ್ನು 18ರಿಂದ 40 ಯೂನಿಟ್‌ಗೆ ಏರಿಸಲಾಯಿತು. ಈ ಸಂಖ್ಯೆಯನ್ನೂ ಲೆಕ್ಕ ಹಾಕಿ ನೋಡಬಹುದು. 9 ವ್ಯಾಟಿನ ಮೂರು ಎಲ್‌ಇಡಿ ಬಲ್ಬುಗಳನ್ನು ದಿನಕ್ಕೆ 6 ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 5 ಯೂನಿಟ್. 75 ವ್ಯಾಟಿನ ಒಂದು ಫ್ಯಾನು 8 ಗಂಟೆ ತಿರುಗಿದರೆ 18 ಯೂನಿಟ್. 60 ವ್ಯಾಟಿನ ದೂರದರ್ಶನ 5 ಗಂಟೆ ನಡೆದರೆ 9 ಯೂನಿಟ್. ಒಟ್ಟು 32 ಯೂನಿಟ್ ಆಯಿತು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫೋನಿನ ಚಾರ್ಜಿಗೆ ಉಳಿದದ್ದು 8 ಯೂನಿಟ್. ದಿನಕ್ಕೆ ಒಂದು ಯೂನಿಟ್ ಬೇಡುವ ಚಿಕ್ಕ ಫ್ರಿಜ್ ಈ ಮನೆಗೆ ಬಂದರೆ ಮಿತಿ ಮೀರುತ್ತದೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಫ್ಯಾನು 8 ಗಂಟೆಗೆ ನಿಲ್ಲುವುದೂ ಇಲ್ಲ.

ಸಂಪರ್ಕದ ವಿಸ್ತರಣೆ

2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆಯಲ್ಲಿ ಕುಟೀರಜ್ಯೋತಿಯು ವಿಲೀನವಾಯಿತು. 2014ರ ದೀನದಯಾಳ್ ಉಪಾಧ್ಯಾಯ ಗ್ರಾಮಜ್ಯೋತಿ ಯೋಜನೆ ಮತ್ತು 2017ರ ಸೆಪ್ಟೆಂಬರಿನ ಸೌಭಾಗ್ಯ ಯೋಜನೆಗಳು ಅದೇ ಕೆಲಸವನ್ನು ಮುಂದುವರಿಸಿದವು. ಸೌಭಾಗ್ಯದಲ್ಲಿ 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಗುರುತಿಸಲಾದ ಬಡ ಮನೆಗಳಿಗೆ ಸಂಪರ್ಕವು ಉಚಿತವಾಗಿತ್ತು. ಉಳಿದವರು 500 ರೂಪಾಯಿಗಳನ್ನು ಹತ್ತು ಕಂತುಗಳಲ್ಲಿ ಕಟ್ಟಬೇಕಾಗಿತ್ತು. ಈ ಕೇಂದ್ರ ಯೋಜನೆಗಳು ಕೊಟ್ಟದ್ದು ಸಂಪರ್ಕವನ್ನೇ ಹೊರತು ವಿದ್ಯುತ್ತನ್ನಲ್ಲ. ತಂತಿ ಎಳೆದ ಮೇಲೆ ತಿಂಗಳ ಬಿಲ್ಲನ್ನು ಯಾರು ಕಟ್ಟಬೇಕೆಂಬ ಪ್ರಶ್ನೆ ರಾಜ್ಯಗಳ ಪಾಲಿಗೇ ಉಳಿಯಿತು.

ಜನಗಣತಿಯ ಪ್ರಕಾರ ವಿದ್ಯುತ್ತನ್ನು ಬೆಳಕಿನ ಮೂಲವಾಗಿ ಬಳಸುವ ಕರ್ನಾಟಕದ ಮನೆಗಳ ಪ್ರಮಾಣ 2001ರಲ್ಲಿ ಶೇಕಡಾ 78.5 ಇದ್ದದ್ದು 2011ರಲ್ಲಿ ಶೇಕಡಾ 90.6ಕ್ಕೆ ಏರಿತು. ತಂತಿ ತಲುಪದ ಕಾಡಂಚಿನ ಊರುಗಳಲ್ಲಿ ಸೌರದೀಪಗಳು ಒಂದು ಮಟ್ಟಿಗೆ ಕೆಲಸ ಮಾಡಿದವು. ಹರೀಶ್ ಹಂದೆಯವರು 1995ರಲ್ಲಿ ಸ್ಥಾಪಿಸಿದ ಸೆಲ್ಕೊ ಸಂಸ್ಥೆಯು ಬ್ಯಾಂಕ್ ಸಾಲದ ಮೂಲಕ, ಕಂತಿನ ಮೇಲೆ, ಬಡ ಮನೆಗಳಿಗೆ ಸೌರದೀಪ ಅಳವಡಿಸುವ ಮಾದರಿಯನ್ನು ರೂಪಿಸಿತು. ಹಂದೆಯವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಕಾನೂನಿನ ಚೌಕಟ್ಟು

1999ರ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಅಧಿನಿಯಮದ ಮೂಲಕ ವಿದ್ಯುಚ್ಛಕ್ತಿ ಮಂಡಳಿಯನ್ನು ವಿಭಜಿಸಲಾಯಿತು. ಪ್ರಸರಣವು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮಕ್ಕೆ ಹೋಯಿತು. ವಿತರಣೆಗಾಗಿ 2002ರ ಜೂನ್‌ನಲ್ಲಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಮತ್ತು ಕಲಬುರಗಿ ಕೇಂದ್ರಗಳುಳ್ಳ ನಾಲ್ಕು ಕಂಪನಿಗಳು ಹುಟ್ಟಿದವು. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು 2005ರಲ್ಲಿ ಪ್ರತ್ಯೇಕವಾಯಿತು. ಇವುಗಳನ್ನು ಒಟ್ಟಾಗಿ ‘ಎಸ್ಕಾಂ’ಗಳೆಂದು ಕರೆಯುವರು. ಇವುಗಳಲ್ಲದೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಷ್ಟು ಹಳೆಯದಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಬೆಲೆ ನಿಗದಿಯ ಅಧಿಕಾರ 1999ರ ನವೆಂಬರಿನಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಸೇರಿತು.

ಹೀಗಾಗಿ ದರವನ್ನು ನಿಗದಿಪಡಿಸುವುದು ಆಯೋಗ, ರಿಯಾಯಿತಿ ಘೋಷಿಸುವುದು ಸರ್ಕಾರ, ಬಿಲ್ಲು ಕೊಡುವುದು ಎಸ್ಕಾಂ. ಈ ಮೂವರ ಸಂಬಂಧವನ್ನು 2003ರ ಅಧಿನಿಯಮದ 65ನೆಯ ಪ್ರಕರಣವು ನಿರ್ಧರಿಸುತ್ತದೆ. ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಡಲು ಸರ್ಕಾರವು ಬಯಸಿದಲ್ಲಿ ಅದರ ಮೊತ್ತವನ್ನು ಎಸ್ಕಾಂಗೆ ಮುಂಗಡವಾಗಿ ಪಾವತಿಸಬೇಕು. ಪಾವತಿಸದಿದ್ದರೆ ಸರ್ಕಾರದ ನಿರ್ದೇಶನವು ಜಾರಿಗೆ ಬರುವುದಿಲ್ಲ, ಆಯೋಗದ ದರವೇ ಅನ್ವಯಿಸುತ್ತದೆ. 61ನೆಯ ಪ್ರಕರಣವು ದರಗಳು ಕ್ರಮೇಣ ಪೂರೈಕೆಯ ನಿಜವಾದ ವೆಚ್ಚಕ್ಕೆ ಹತ್ತಿರವಾಗಬೇಕು ಹಾಗೂ ಒಂದು ವರ್ಗದಿಂದ ಹೆಚ್ಚು ವಸೂಲಿ ಮಾಡಿ ಇನ್ನೊಂದು ವರ್ಗಕ್ಕೆ ಕಡಿಮೆ ಮಾಡುವ ಪದ್ಧತಿ ಇಳಿಯಬೇಕು ಎನ್ನುತ್ತದೆ. ಇದರ ಜೊತೆಗೆ 2005ರ ರಾಷ್ಟ್ರೀಯ ವಿದ್ಯುತ್ ನೀತಿಯು ಪ್ರತಿ ಮನೆಗೆ ದಿನಕ್ಕೆ ಒಂದು ಯೂನಿಟ್ ವಿದ್ಯುತ್ತು ಬದುಕಿಗೆ ಅವಶ್ಯವಾದ ಕನಿಷ್ಠ ಬಳಕೆಯೆಂದು ಹೇಳಿತು. ತಿಂಗಳಿಗೆ 30 ಯೂನಿಟ್‌ವರೆಗೆ ಬಳಸುವ ಬಡ ಗ್ರಾಹಕರಿಗೆ ವಿಶೇಷ ದರ ಇರಬಹುದೆಂದೂ, ಅದು ಸರಾಸರಿ ಪೂರೈಕೆ ವೆಚ್ಚದ ಅರ್ಧಕ್ಕಿಂತ ಕಡಿಮೆ ಇರಬಾರದೆಂದೂ ಸೂಚಿಸಲಾಯಿತು.

ಅಮೃತಜ್ಯೋತಿ

2022ರಲ್ಲಿ ಬಸವರಾಜ ಬೊಮ್ಮಾಯಿ ನೇತೃತ್ವದ ಸರ್ಕಾರವು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ತಿಂಗಳಿಗೆ 75 ಯೂನಿಟ್ ಉಚಿತ ವಿದ್ಯುತ್ ಘೋಷಿಸಿತು. ಮರುವರ್ಷವೇ ಇದು ಗೃಹಜ್ಯೋತಿಯಲ್ಲಿ ಲೀನವಾಯಿತು.

ಗೃಹಜ್ಯೋತಿ

2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷವು ಘೋಷಿಸಿದ ಐದು ‘ಗ್ಯಾರಂಟಿ’ಗಳಲ್ಲಿ ಮೊದಲನೆಯದು ಗೃಹಜ್ಯೋತಿ. ಜನವರಿಯಲ್ಲಿ ಬೆಳಗಾವಿಯಲ್ಲಿ ಘೋಷಣೆಯಾದ ಇದಕ್ಕೆ, ಸಿದ್ದರಾಮಯ್ಯನವರ ಸರ್ಕಾರ ರಚನೆಯಾದ ಬಳಿಕ ಜೂನ್ ತಿಂಗಳಲ್ಲಿ ಆದೇಶ ಹೊರಬಿತ್ತು. ಜೂನ್ 18ರಿಂದ ಸೇವಾಸಿಂಧು ಜಾಲತಾಣ, ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ನೋಂದಣಿ ಆರಂಭವಾಯಿತು. ಜುಲೈ ತಿಂಗಳ ಬಳಕೆಗೆ ಆಗಸ್ಟಿನಲ್ಲಿ ಮೊದಲ ‘ಶೂನ್ಯ ಬಿಲ್ಲು’ ಬಂದಿತು. ಆಗಸ್ಟ್ 5ರಂದು ಕಲಬುರಗಿಯಲ್ಲಿ ಯೋಜನೆಗೆ ವಿಧ್ಯುಕ್ತ ಚಾಲನೆ ನೀಡಲಾಯಿತು.

ಚುನಾವಣೆಯ ಕಾಲದಲ್ಲಿ ‘200 ಯೂನಿಟ್ ಉಚಿತ’ ಎಂದು ಪ್ರಚಾರವಾದ ಯೋಜನೆಯು ಆದೇಶದಲ್ಲಿ ಬೇರೊಂದು ರೂಪ ಪಡೆಯಿತು. ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. ಒಂದು ಮನೆಯು 2022-23ರಲ್ಲಿ ಬಳಸಿದ ವಿದ್ಯುತ್ತಿನ ಮಾಸಿಕ ಸರಾಸರಿಗೆ ಶೇಕಡಾ 10ನ್ನು ಸೇರಿಸಿದರೆ ಬರುವ ಪ್ರಮಾಣವೇ ಆ ಮನೆಯ ಅರ್ಹ ಯೂನಿಟ್. ಅಷ್ಟರೊಳಗೆ ಬಳಸಿದರೆ ಬಿಲ್ಲು ಶೂನ್ಯ. ಅದನ್ನು ಮೀರಿ, ಆದರೆ 200ರೊಳಗೆ ಬಳಸಿದರೆ ಹೆಚ್ಚುವರಿಗೆ ಮಾತ್ರ ಹಣ ಕಟ್ಟಬೇಕು. ಬಳಕೆ 200 ಯೂನಿಟ್ ದಾಟಿದ ತಿಂಗಳಲ್ಲಿ ಪೂರ್ತಿ ಬಿಲ್ಲನ್ನು ಗ್ರಾಹಕರೇ ಕಟ್ಟಬೇಕು. ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗೆ ಶೇಕಡಾ 10 ಸೇರಿಸಿ, 58 ಯೂನಿಟ್ ಎಂದು ನಿಗದಿಪಡಿಸಲಾಯಿತು.

ಯೋಜನೆಯು ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆರಂಭದಲ್ಲಿ ಇದರ ಬಗ್ಗೆ ಗೊಂದಲವಿದ್ದಿತಾದರೂ, ಆಧಾರ್ ಸಂಖ್ಯೆಯನ್ನು ಮೀಟರಿನ ಖಾತೆಗೆ ಜೋಡಿಸಿದವರು ಮಾಲೀಕರಾಗಿರಲಿ ಬಾಡಿಗೆದಾರರಾಗಿರಲಿ ಅರ್ಹರೆಂದು ಸ್ಪಷ್ಟಪಡಿಸಲಾಯಿತು. ಒಬ್ಬರಿಗೆ ಒಂದೇ ಮೀಟರು. ಮನೆ ಬದಲಿಸುವ ಬಾಡಿಗೆದಾರರ ಆಧಾರ್ ಹಳೆಯ ಮನೆಯ ಖಾತೆಯಲ್ಲಿಯೇ ಸಿಕ್ಕಿಕೊಳ್ಳುತ್ತಿದ್ದುದರಿಂದ, ಜೋಡಣೆಯನ್ನು ಬಿಡಿಸಿಕೊಳ್ಳುವ ಅವಕಾಶವನ್ನು ಆಮೇಲೆ ಕಲ್ಪಿಸಲಾಯಿತು. ಭಾಗ್ಯಜ್ಯೋತಿ, ಕುಟೀರಜ್ಯೋತಿ ಮತ್ತು ಅಮೃತಜ್ಯೋತಿ ಫಲಾನುಭವಿಗಳನ್ನೂ ಗೃಹಜ್ಯೋತಿಗೆ ತರಲಾಯಿತು.

ಯಾರಿಗೆ ಎಷ್ಟು

ಸರಾಸರಿಯ ನಿಯಮದ ಪರಿಣಾಮವನ್ನು ಎರಡು ಮನೆಗಳ ಮೂಲಕ ತಿಳಿಯಬಹುದು. ಮೊದಲ ಮನೆಯ ಸರಾಸರಿ 40 ಯೂನಿಟ್. ಎರಡನೆಯದರದು 180 ಯೂನಿಟ್. ಮೂಲ ಆದೇಶದಂತೆ ಮೊದಲ ಮನೆಗೆ 44 ಯೂನಿಟ್, ಎರಡನೆಯದಕ್ಕೆ 198 ಯೂನಿಟ್ ಉಚಿತ. 2025-26ರ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ ಲೆಕ್ಕ ಹಾಕಿದರೆ ಮೊದಲ ಮನೆಗೆ ಸಿಗುವ ನೆರವು ಸುಮಾರು 255 ರೂಪಾಯಿ, ಎರಡನೆಯ ಮನೆಗೆ ಸುಮಾರು 1,148 ರೂಪಾಯಿ. 2022-23ರಲ್ಲಿ ಕೈ ಬಿಗಿಹಿಡಿದು ಬಳಸಿದ ಮನೆಗೆ ಕಡಿಮೆ, ಧಾರಾಳವಾಗಿ ಬಳಸಿದ ಮನೆಗೆ ಹೆಚ್ಚು. ದುಂದುವೆಚ್ಚ ತಡೆಯಲೆಂದು ರೂಪಿಸಿದ ಮಿತಿಯು ಹಳೆಯ ಅಸಮಾನತೆಯನ್ನು ಹಾಗೆಯೇ ಕಾಗದದ ಮೇಲೆ ಇಳಿಸಿತು ಎನ್ನಬಹುದು. ಆದರೆ ಎಲ್ಲರಿಗೂ ನೇರವಾಗಿ 200 ಯೂನಿಟ್ ಕೊಟ್ಟಿದ್ದರೆ ಬಳಕೆ ಏರಿ, ವೆಚ್ಚವು ಅಂದಾಜನ್ನು ಮೀರುವ ಸಾಧ್ಯತೆ ಇತ್ತೆಂಬುದನ್ನೂ ಮರೆಯುವಂತಿಲ್ಲ.

ಚಿಕ್ಕ ಮನೆಗೆ ಶೇಕಡಾ 10 ಎಂದರೆ ನಾಲ್ಕೇ ಯೂನಿಟ್. ಒಂದು ಹಳೆಯ ಫ್ಯಾನು ಕೆಲವು ರಾತ್ರಿ ಹೆಚ್ಚು ತಿರುಗಿದರೆ ಅದು ಮುಗಿಯುತ್ತದೆ. ಈ ದೋಷವನ್ನು ಮನಗಂಡು 2024ರ ಜನವರಿಯಲ್ಲಿ ಸಚಿವ ಸಂಪುಟವು ಕಡಿಮೆ ಬಳಕೆಯ ಗ್ರಾಹಕರಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸಲು ತೀರ್ಮಾನಿಸಿತು. ಇದರಿಂದ ಮೇಲಿನ ಮೊದಲ ಮನೆಗೆ 44ರ ಬದಲು 50 ಯೂನಿಟ್ ದೊರೆಯುತ್ತದೆ. ಚಿಕ್ಕ ತಿದ್ದುಪಡಿಯಾದರೂ ಬಡ ಮನೆಗಳ ಪಾಲಿಗೆ ಇದು ಮುಖ್ಯವಾದುದು.

200ರ ಗೆರೆಯ ಸಮಸ್ಯೆ ಬೇರೆ ಬಗೆಯದು. 180 ಯೂನಿಟ್ ಸರಾಸರಿಯ ಮನೆಯು ಒಂದು ತಿಂಗಳು 200 ಯೂನಿಟ್ ಬಳಸಿದರೆ ಎರಡು ಯೂನಿಟ್‌ಗೆ ಹಣ ಕಟ್ಟುತ್ತದೆ. 201 ಬಳಸಿದರೆ 201 ಯೂನಿಟ್‌ಗೂ ಕಟ್ಟುತ್ತದೆ; ವಿದ್ಯುತ್ತಿನ ಬೆಲೆಯೇ 1,165 ರೂಪಾಯಿ ದಾಟುತ್ತದೆ, ನಿಗದಿತ ಶುಲ್ಕ ಮತ್ತು ತೆರಿಗೆ ಬೇರೆ. ಮದುವೆ, ಬಾಣಂತನ, ನೆಂಟರು ಬಂದ ಬೇಸಗೆಯ ರಜೆ ಇಂತಹ ತಿಂಗಳುಗಳಲ್ಲಿ, ಹಾಗೆಯೇ ಮಾಪಕ ಓದುಗರು ನಾಲ್ಕು ದಿನ ತಡವಾಗಿ ಬಂದ ತಿಂಗಳಲ್ಲಿ, ಗೆರೆಯ ಸಮೀಪವಿರುವ ಕುಟುಂಬಗಳು ಇದನ್ನು ಅನುಭವಿಸುತ್ತವೆ. ಒಂದೇ ಮೀಟರಿನಡಿ ಎರಡು ಮೂರು ಸಂಸಾರಗಳಿರುವ ಕೂಡುಕುಟುಂಬಗಳಿಗೆ ಈ ಗೆರೆ ಇನ್ನೂ ಹತ್ತಿರ.

ದರಪಟ್ಟಿಯಲ್ಲಿನ ಬದಲಾವಣೆ

ಗೃಹಜ್ಯೋತಿಯ ಚರ್ಚೆಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಸಂಗತಿಯೊಂದಿದೆ. ಅದೇ ಅವಧಿಯಲ್ಲಿ ಗೃಹಬಳಕೆಯ ದರದ ರಚನೆಯೇ ಬದಲಾಯಿತು. 2022-23ರಲ್ಲಿ ಬೆಸ್ಕಾಂ ವ್ಯಾಪ್ತಿಯ ನಗರ ಗ್ರಾಹಕರಿಗೆ ಮೊದಲ 50 ಯೂನಿಟ್‌ಗೆ 4.15 ರೂಪಾಯಿ, ಮುಂದಿನ 50ಕ್ಕೆ 5.60, ಅದರ ಮುಂದಿನ 100ಕ್ಕೆ 7.15, 200ರ ಮೇಲೆ 8.20 ರೂಪಾಯಿ ದರವಿತ್ತು. ಕಡಿಮೆ ಬಳಸುವವರಿಗೆ ಕಡಿಮೆ ದರ, ಹೆಚ್ಚು ಬಳಸುವವರಿಗೆ ಹೆಚ್ಚು ದರ ಎಂಬುದು ಇದರ ನ್ಯಾಯ. 2023ರ ಮೇ 12ರ ಆದೇಶದಲ್ಲಿ ಆಯೋಗವು ಇದನ್ನು ಎರಡೇ ಹಂತಗಳಿಗೆ ಇಳಿಸಿತು: 100 ಯೂನಿಟ್‌ವರೆಗೆ 4.75 ರೂಪಾಯಿ, 100 ದಾಟಿದರೆ ಎಲ್ಲ ಯೂನಿಟ್‌ಗಳಿಗೂ 7 ರೂಪಾಯಿ. 100 ಯೂನಿಟ್‌ಗೆ 475 ರೂಪಾಯಿ ಇದ್ದುದು 101ಕ್ಕೆ 707 ಆಯಿತು. ಏಪ್ರಿಲ್‌ನಿಂದ ಪೂರ್ವಾನ್ವಯವಾದ ಈ ಏರಿಕೆಯ ಹಿಂಬಾಕಿ ಜೂನ್ ಬಿಲ್ಲಿನಲ್ಲಿ ಸೇರಿಬಂದು, ಉಚಿತ ವಿದ್ಯುತ್ ನಿರೀಕ್ಷಿಸುತ್ತಿದ್ದ ಜನರನ್ನು ಕೆರಳಿಸಿತು.

2024ರ ಏಪ್ರಿಲ್‌ನಿಂದ ಹಂತಗಳೇ ಇಲ್ಲವಾಗಿ ಯೂನಿಟ್‌ಗೆ 5.90 ರೂಪಾಯಿಗಳ ಏಕರೂಪ ದರ ಬಂದಿತು. 2025ರ ಏಪ್ರಿಲ್‌ನಲ್ಲಿ ಅದು 5.80ಕ್ಕೆ ಇಳಿಯಿತು. ಜೊತೆಗೆ ಪ್ರತಿ ಕಿಲೋವ್ಯಾಟ್ ಮಂಜೂರಾದ ಹೊರೆಯ ಮೇಲಿನ ನಿಗದಿತ ಶುಲ್ಕವನ್ನು 120ರಿಂದ 145 ರೂಪಾಯಿಗೆ ಏರಿಸಲಾಯಿತು. ನೌಕರರ ಪಿಂಚಣಿ ಮತ್ತು ಉಪದಾನದ ವೆಚ್ಚಕ್ಕಾಗಿ ಯೂನಿಟ್‌ಗೆ 36 ಪೈಸೆಯ ಮೇಲ್ತೆರಿಗೆ ಸೇರಿತು.

ನಿಗದಿತ ಶುಲ್ಕ, ಮೇಲ್ತೆರಿಗೆಗಳನ್ನು ಬಿಟ್ಟು ವಿದ್ಯುತ್ತಿನ ಬೆಲೆಯನ್ನಷ್ಟೇ ಹೋಲಿಸಿದರೆ, 60 ಯೂನಿಟ್ ಬಳಸುವ ಮನೆಯ ಬಿಲ್ಲು 2022ರ ದರದಲ್ಲಿ 263.50 ರೂಪಾಯಿ ಇದ್ದದ್ದು 2025ರ ದರದಲ್ಲಿ 348 ರೂಪಾಯಿ ಆಗುತ್ತದೆ. 300 ಯೂನಿಟ್ ಬಳಸುವ ಮನೆಯ ಬಿಲ್ಲು 2,022.50ರಿಂದ 1,740ಕ್ಕೆ ಇಳಿಯುತ್ತದೆ. ಅಂದರೆ ದರಪಟ್ಟಿಯು ಬಡ ಮನೆಗೆ ದುಬಾರಿಯಾಯಿತು, ಅನುಕೂಲಸ್ಥರ ಮನೆಗೆ ಅಗ್ಗವಾಯಿತು. ಗೃಹಜ್ಯೋತಿ ಇರುವವರೆಗೆ 60 ಯೂನಿಟ್‌ನ ಮನೆಗೆ ಇದು ಕಾಣುವುದಿಲ್ಲ. ಏರಿದ ಬೆಲೆಯನ್ನು ಸರ್ಕಾರವೇ ಎಸ್ಕಾಂಗೆ ಕಟ್ಟುತ್ತದೆ. ಹಿಂದೆ ಬಡವರಿಗೆ ದರಪಟ್ಟಿಯಲ್ಲಿಯೇ ಇದ್ದ ರಕ್ಷಣೆಯು ಈಗ ವರ್ಷವರ್ಷದ ಆಯವ್ಯಯಕ್ಕೆ ವರ್ಗಾವಣೆಯಾಗಿದೆ. ಯೋಜನೆ ನಿಂತರೆ ಅಥವಾ ಒಂದು ಮನೆ ಯಾವುದೋ ಕಾರಣಕ್ಕೆ ಅದರಿಂದ ಹೊರಬಿದ್ದರೆ, ಅದು ಇಳಿಯುವುದು ಹಳೆಯ ಕಡಿಮೆ ದರದ ಹಂತಕ್ಕಲ್ಲ, ಏಕರೂಪ ದರಕ್ಕೆ.

ಯೋಜನೆಯ ಹೊರಗೆ ಉಳಿಯುವವರು

ಗೃಹಜ್ಯೋತಿಯು ಮೀಟರಿಗೆ ಅಂಟಿಕೊಂಡ ಯೋಜನೆ. ಆದ್ದರಿಂದ ತನ್ನದೇ ಮೀಟರಿಲ್ಲದ ಕುಟುಂಬವು ಎಷ್ಟೇ ಬಡತನದಲ್ಲಿದ್ದರೂ ಅದರೊಳಗೆ ಬರುವುದಿಲ್ಲ. ಹಳೆಯ ವಠಾರಗಳಲ್ಲಿ ಒಂದೇ ಮೀಟರಿನಿಂದ ನಾಲ್ಕಾರು ಕೋಣೆಗಳಿಗೆ ತಂತಿ ಎಳೆದು, ಮಾಲೀಕರು ತಲೆಗಿಷ್ಟೆಂದು ಹಣ ವಸೂಲಿ ಮಾಡುವ ಪದ್ಧತಿಯಿದೆ. ಅಲ್ಲಿ ಒಟ್ಟು ಬಳಕೆ ಸುಲಭವಾಗಿ 200 ದಾಟುವುದರಿಂದ ಒಬ್ಬರಿಗೂ ಲಾಭವಿಲ್ಲ. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ಬೆಂಗಳೂರಿಗೆ ದುಡಿಯಲು ಬಂದು ತಗಡಿನ ಶೆಡ್ಡುಗಳಲ್ಲಿ ವಾಸಿಸುವ ಕಟ್ಟಡ ಕಾರ್ಮಿಕರಿಗೆ ಮೀಟರೆಂಬುದೇ ಇರುವುದಿಲ್ಲ. ಕಟ್ಟಡದ ಕೆಲಸಕ್ಕೆ ಪಡೆಯುವ ತಾತ್ಕಾಲಿಕ ಸಂಪರ್ಕವು ಎಲ್‌ಟಿ-7 ಎಂಬ ಬೇರೆ ವರ್ಗಕ್ಕೆ ಸೇರಿದುದು. ಊರಿನಲ್ಲಿರುವ ಅವರ ಮನೆಗೆ ಶೂನ್ಯ ಬಿಲ್ಲು ಬರುತ್ತಿರಬಹುದು, ಆದರೆ ವರ್ಷದ ಹೆಚ್ಚು ಭಾಗ ಆ ಮನೆಗೆ ಬೀಗ.

ವಾಣಿಜ್ಯ ಬಳಕೆಗೆ ಯೋಜನೆ ಅನ್ವಯಿಸುವುದಿಲ್ಲ. ಮನೆಯ ಮುಂಗೋಣೆಯಲ್ಲಿಯೇ ಅಂಗಡಿಯಿಟ್ಟ ಅಥವಾ ಹಿಟ್ಟಿನ ಗಿರಣಿ ಹಾಕಿಕೊಂಡ ಕುಟುಂಬಗಳಿಗೆ ಮನೆ ಮತ್ತು ದುಡಿಮೆಯ ನಡುವೆ ಗೆರೆ ಎಳೆಯುವುದು ಕಷ್ಟ. ವಾಣಿಜ್ಯ ಮೀಟರೊಂದೇ ಇದ್ದರೆ ನೆರವಿಲ್ಲ.

ಇನ್ನೊಂದು ತೊಡಕು ಹೊಸ ಸಂಪರ್ಕಗಳದು. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ನೀಡಿದ ತೀರ್ಪಿನ ಬಳಿಕ, ಕರ್ನಾಟಕದಲ್ಲಿ ಅಂತಹ ಪತ್ರವಿಲ್ಲದ ಸಾವಿರಾರು ಹೊಸ ಮನೆಗಳು ಸಂಪರ್ಕಕ್ಕಾಗಿ ಕಾಯಬೇಕಾಯಿತು. ಚಿಕ್ಕ ನಿವೇಶನಗಳ ಮನೆಗಳಿಗೆ ವಿನಾಯಿತಿ ನೀಡುವ ಕ್ರಮವನ್ನು 2025ರಲ್ಲಿ ಸರ್ಕಾರವು ಕೈಗೊಂಡಿತು.

ಹಣಕಾಸು

2023ರ ಜುಲೈ ಆಯವ್ಯಯದಲ್ಲಿ ಐದೂ ಗ್ಯಾರಂಟಿಗಳಿಗೆ ವರ್ಷಕ್ಕೆ ಸುಮಾರು 52,000 ಕೋಟಿ ರೂಪಾಯಿ ಬೇಕಾಗುವುದೆಂದು ಅಂದಾಜಿಸಲಾಗಿತ್ತು. ಇದರಲ್ಲಿ ಗೃಹಜ್ಯೋತಿಗೆ 2024-25ರಲ್ಲಿ 9,657 ಕೋಟಿ, 2025-26ರಲ್ಲಿ 10,100 ಕೋಟಿ ರೂಪಾಯಿ ಮೀಸಲಾಯಿತು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಕೊಡುವ ಉಚಿತ ವಿದ್ಯುತ್ತಿನ ಸಹಾಯಧನವು ಇದಕ್ಕಿಂತ ದೊಡ್ಡದು. ಒಂದು ವ್ಯತ್ಯಾಸವನ್ನು ಗುರುತಿಸಬೇಕು: ಮನೆಗಳಲ್ಲಿ ಮೀಟರಿದೆ, ಎಷ್ಟು ಕೊಟ್ಟರು ಎಂಬುದು ಯೂನಿಟ್ ಲೆಕ್ಕದಲ್ಲಿ ತಿಳಿಯುತ್ತದೆ, ಪಂಪ್‌ಸೆಟ್‌ಗಳಲ್ಲಿ ಬಹುಪಾಲಿಗೆ ಮೀಟರಿಲ್ಲ, ಅಲ್ಲಿ ಲೆಕ್ಕವು ಅಂದಾಜಿನದು.

ಸಹಾಯಧನವು ಸಕಾಲಕ್ಕೆ ಬರದಿದ್ದರೆ ಎಸ್ಕಾಂಗಳು ಸಾಲ ಮಾಡುತ್ತವೆ. ಸಾಲದ ಬಡ್ಡಿಯು ಮುಂದಿನ ದರ ಪರಿಷ್ಕರಣೆಯ ಅರ್ಜಿಯಲ್ಲಿ ವೆಚ್ಚವಾಗಿ ಕಾಣಿಸಿಕೊಳ್ಳುತ್ತದೆ. 65ನೆಯ ಪ್ರಕರಣವು ಮುಂಗಡ ಪಾವತಿಯನ್ನು ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ. ಯೋಜನೆ ಆರಂಭವಾದ ವರ್ಷವೇ ಬರ ಬಂದುದು ಇನ್ನೊಂದು ಹೊರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಜಲಾಶಯಗಳಲ್ಲಿ ನೀರು ಕುಸಿದು ಅಗ್ಗದ ಜಲವಿದ್ಯುತ್ ಕಡಿಮೆಯಾಯಿತು, ಪಂಪ್‌ಸೆಟ್‌ಗಳ ಬೇಡಿಕೆ ಮಾತ್ರ ಏರಿತು. ಅಕ್ಟೋಬರಿನಲ್ಲಿ ಸರ್ಕಾರವು ಅಧಿನಿಯಮದ 11ನೆಯ ಪ್ರಕರಣವನ್ನು ಬಳಸಿ, ಖಾಸಗಿ ಉತ್ಪಾದಕರು ವಿದ್ಯುತ್ತನ್ನು ರಾಜ್ಯಕ್ಕೇ ಪೂರೈಸಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಕೊಡುಕೊಳ್ಳುವ ಪದ್ಧತಿಯಲ್ಲಿ ವಿದ್ಯುತ್ ತರಿಸಲಾಯಿತು.

ಇತರ ರಾಜ್ಯಗಳಲ್ಲಿ

ತಮಿಳುನಾಡು 2016ರಿಂದ ಎಲ್ಲ ಮನೆಗಳಿಗೂ ಎರಡು ತಿಂಗಳಿಗೆ 100 ಯೂನಿಟ್ ಉಚಿತ ಕೊಡುತ್ತಿದೆ. ಅಲ್ಲಿ ಹೆಚ್ಚು ಬಳಸಿದವರಿಗೂ ಮೊದಲ 100 ಉಚಿತವೇ ಆದ್ದರಿಂದ ಗೆರೆ ದಾಟಿದರೆ ಎಲ್ಲವನ್ನೂ ಕಳೆದುಕೊಳ್ಳುವ ಭಯವಿಲ್ಲ. ದೆಹಲಿಯಲ್ಲಿ 2019ರಿಂದ 200 ಯೂನಿಟ್ ಉಚಿತವಾಗಿದ್ದು, 201ರಿಂದ 400ರವರೆಗೆ 800 ರೂಪಾಯಿ ಮೀರದಂತೆ ಅರ್ಧ ರಿಯಾಯಿತಿಯಿದೆ. ಪಂಜಾಬ್ 2022ರ ಜುಲೈನಲ್ಲಿ ತಿಂಗಳಿಗೆ 300 ಯೂನಿಟ್ ಉಚಿತಗೊಳಿಸಿತು. ಮಧ್ಯಪ್ರದೇಶದ ಗೃಹಜ್ಯೋತಿ ಯೋಜನೆಯಲ್ಲಿ 150 ಯೂನಿಟ್ ಮೀರದ ಮನೆಗಳಿಗೆ ಮೊದಲ 100 ಯೂನಿಟ್‌ಗೆ 100 ರೂಪಾಯಿ ಮಾತ್ರ. ತೆಲಂಗಾಣವು 2024ರಲ್ಲಿ ಕರ್ನಾಟಕದ ಹೆಸರನ್ನೇ ಇಟ್ಟುಕೊಂಡು 200 ಯೂನಿಟ್‌ಗಳ ಯೋಜನೆ ಆರಂಭಿಸಿತು, ಆದರೆ ಅದನ್ನು ಬಿಳಿ ಪಡಿತರ ಚೀಟಿಯುಳ್ಳ ಕುಟುಂಬಗಳಿಗೆ ಸೀಮಿತಗೊಳಿಸಿತು. ಪಡಿತರ ಚೀಟಿಯ ಆಧಾರದಲ್ಲಿ ಆಯ್ಕೆ ಮಾಡಿದರೆ ವೆಚ್ಚ ಉಳಿಯುತ್ತದೆ. ಚೀಟಿ ಸಿಗದ ಬಡವರು ಬಿಟ್ಟುಹೋಗುತ್ತಾರೆ. ಕರ್ನಾಟಕದ ಸಾರ್ವತ್ರಿಕ ವಿಧಾನದಲ್ಲಿ ಬಿಟ್ಟುಹೋಗುವವರು ಕಡಿಮೆ, ಅಗತ್ಯವಿಲ್ಲದವರಿಗೂ ಹಣ ಹೋಗುತ್ತದೆ.

ಸೌರ ಮೇಲ್ಛಾವಣಿಯೊಂದಿಗಿನ ಸಂಬಂಧ

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯು ಒಂದು ಕೋಟಿ ಮನೆಗಳ ಮೇಲೆ ಸೌರಫಲಕ ಅಳವಡಿಸುವ ಗುರಿ ಹೊಂದಿದೆ. 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಘಟಕಗಳಿಗೆ ಒಟ್ಟು 78,000 ರೂಪಾಯಿ ಸಹಾಯಧನ ಸಿಗುತ್ತದೆ. ತಿಂಗಳ ಬಿಲ್ಲು ಶೂನ್ಯವೇ ಆಗಿರುವ ಮನೆಗೆ ಉಳಿದ ಬಂಡವಾಳವನ್ನು ಹೂಡಲು ಕಾರಣವಿಲ್ಲವಾದ್ದರಿಂದ ಕರ್ನಾಟಕದಲ್ಲಿ ಈ ಯೋಜನೆಯ ಆಕರ್ಷಣೆ ಮುಖ್ಯವಾಗಿ 200 ಯೂನಿಟ್ ಮೀರಿ ಬಳಸುವವರಿಗೆ. ಗುಡಿಸಲು, ಹಂಚಿನ ಅಥವಾ ತಗಡಿನ ಮಾಡು, ಬಾಡಿಗೆ ಮನೆ ಇವುಗಳಲ್ಲಿರುವವರಿಗೆ ಫಲಕ ಕೂರಿಸಲು ತಕ್ಕ ಸ್ವಂತ ಮೇಲ್ಛಾವಣಿಯೇ ಇರುವುದಿಲ್ಲ.